ಕೌಬಾಯ್ ಕಥೆಗೊಬ್ಬ ಸಾರಥಿ

ಕಳೆದ ತಿಂಗಳು ಕುರುಗೋಡಿನಿಂದ ಒಂದು ಫೋನ್ ಬಂತು.

"ನಾನ್ರೀ, ಸಾರಥಿಯವರ ಮಗ. ಅಪ್ಪಾಜಿ ತೀರಿಕೊಂಡಿದ್ದು ನಿಮಗ ಗೊತ್ತಾಗಿರಬೇಕು. ಒಂದು ಸ್ಮರಣ ಸಂಚಿಕೆ ತರಾಕ ಹತ್ತೀವಿ. ನೀವು ಬರೀಲೇಬೇಕ್ರಿ. ನಿಮ್ಮ ಕ್ಯಾಸೆಟ್ಟಿನ್ಯಾಗ ಅವರು ಕಥಿ ಹೇಳಿದ್ರಲ್ಲ, ಅದರ ಮ್ಯಾಲ ಅವರಿಗೆ ಭಾಳ ಹೆಮ್ಮಿ ಇತ್ತು."

ಅದು ಕ್ಯಾಸೆಟ್ ಅಲ್ಲ, ಆಲ್ಬಮ್ ಎಂದು ತಿದ್ದಲು ಹೋಗಲಿಲ್ಲ. ಅಪ್ಪನನ್ನೇ ತಿದ್ದಲಾಗದವನು ಮಗನನ್ನು ಏನು ತಿದ್ದಲಿ? ನೋಡೋಣ ಎಂದೆ. ಆತ ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದ.

"ಹೆಸರು ಮಾತ್ರ ತಪ್ಪಿಲ್ದಂಗ ಬರೀರಿ. ನಮ್ಮ ಅಜ್ಜನ ಹೆಸರು, ಊರು, ಎಲ್ಲಾ ಸೇರಿಸಿ. ಹೆಸರು ತಪ್ಪಿದ್ರ ಅಪ್ಪಾಜಿಗೆ ಭಾಳ ಸಿಟ್ಟು ಬರತಿತ್ತು."

ನನಗೆ ಗೊತ್ತಿಲ್ಲವೇ? ಆ ಮನುಷ್ಯನ ಸಿಟ್ಟನ್ನು ನಾನು ಕಂಡಷ್ಟು ಅವರ ಮಗನೂ ಕಂಡಿರಲಾರ. ಆ ಸಂಚಿಕೆಯಲ್ಲಿ ಉಳಿದವರೆಲ್ಲ ಅವರನ್ನು ಕಲಾ ತಪಸ್ವಿ ಎನ್ನುತ್ತಾರೆ, ಬಯಲಾಟದ ಕೊನೆಯ ಕೊಂಡಿ ಎನ್ನುತ್ತಾರೆ. ಸತ್ತ ಎಮ್ಮೆಗೆ ಸೇರುಗಟ್ಟಲೆ ಹಾಲು. ನಾನು ಆ ಎಮ್ಮೆಯ ಒದೆ ತಿಂದವನು. ಅದನ್ನೇ ಬರೆಯುತ್ತೇನೆ, ಬೇಕಾದರೆ ಅಚ್ಚು ಹಾಕಲಿ.

ಬಯಲಾಟ ನೋಡದವರಿಗೆ ಒಂದು ಮಾತು ಹೇಳಬೇಕು. ರಂಗದ ಮೇಲೆ ಯಾವ ಪಾತ್ರ ಬಂದರೂ, ಅದು ಮಹಾರಾಜನಿರಲಿ, ಕಾವಲಿನವನಿರಲಿ, ಪಕ್ಕದಲ್ಲಿ ನಿಂತ ಸಾರಥಿ ಅವನನ್ನು ತಡೆದು ಕೇಳುತ್ತಾನೆ: "ಭಲಾ! ಬಂದಂಥವರು ದಾರು? ತಮ್ಮ ನಾಮಾಂಕಿತವೇನು? ತಮ್ಮ ಪಟ್ಟಣ ಯಾವುದು?" ಬಂದವನು ಹೆಸರು, ತಂದೆ, ಊರು ಎಲ್ಲ ಒಪ್ಪಿಸಿದ ಮೇಲೆಯೇ ಆಟ ಮುಂದಕ್ಕೆ ಹೋಗುವುದು. ಈ ಮನುಷ್ಯ ಕುರುಗೋಡು, ಸಿರುಗುಪ್ಪ ಕಡೆಯ ಊರುಗಳಲ್ಲಿ ಆಯುಷ್ಯವೆಲ್ಲ ಆ ಪ್ರಶ್ನೆ ಕೇಳಿದವರು. ಹಣೆತುಂಬ ವಿಭೂತಿ, ಹೆಗಲ ಮೇಲೆ ಮಡಿಕೆ ಮುರಿಯದ ಶಲ್ಯ, ಬೆರಳಲ್ಲಿ ದಪ್ಪ ಉಂಗುರ. ಮಾತು ಶುರು ಮಾಡುವ ಮೊದಲು ಆ ಉಂಗುರದಿಂದ ಎದುರಿಗೆ ಸಿಕ್ಕಿದ್ದನ್ನು ಟಕ್ಕೆಂದು ಕುಟ್ಟುತ್ತಿದ್ದರು. ಮೇಜಾದರೆ ಮೇಜು, ಹಾರ್ಮೋನಿಯಂ ಆದರೆ ಹಾರ್ಮೋನಿಯಂ, ಒಮ್ಮೆ ನನ್ನ ಗಿಟಾರ್.

ಕುರುಗೋಡಿನಲ್ಲಿ ಅವರದೊಂದು ಬೀಜ-ಗೊಬ್ಬರದ ಅಂಗಡಿ ಇತ್ತು. ಅಲ್ಲಿಯೂ ಅದೇ ಆಟ. ಸಿರಿಗೇರಿಯಿಂದ ಬಂದ ರೈತನೊಬ್ಬ ಯೂರಿಯಾ ಕೇಳಿದರೆ ಮೊದಲು ಅವನ ನಾಮಾಂಕಿತ ಬೇಕು.

"ಸಾರಥಿಯವರ, ಮೊನ್ನೇನ ಹೇಳೀನಲ್ರೀ."

"ಮೊನ್ನಿ ಬಂದಾಂವ ಮೊನ್ನಿಗಾತು. ಇವತ್ತು ಬಂದಾಂವ ದಾರು?"

ಬಿಸಿಲಲ್ಲಿ ಬೈಕು ಓಡಿಸಿಕೊಂಡು ಬಂದವನು ಹಲ್ಲು ಕಿರಿದು ಮತ್ತೆ ಹೆಸರು ಒಪ್ಪಿಸಬೇಕು. ಕಟ್ಟೆಯ ಮೇಲೆ ಕೂತವರೆಲ್ಲ ಭಲೆ ಭಲೆ ಎಂದು ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂದು ನೀವು ಹೇಳಬಹುದು. ಹೇಳಿ, ನನಗೇನೂ ಬೇಜಾರಿಲ್ಲ.

ಇಂಥವರ ಸಹವಾಸ ನನಗೆ ಹೇಗಾಯಿತು ಎಂದರೆ, ಒಂದು ಕುದುರೆಯವನ ಕಥೆಯಿಂದ ಆಯಿತು. ಬಳ್ಳಾರಿಯ ಗಾಂಧಿನಗರದಲ್ಲಿ, ಟೇಲರ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ನಮ್ಮ ರಾಕ್ ಬ್ಯಾಂಡ್ ಇತ್ತು. ಗಿಟಾರ್ ನನ್ನದು, ಡ್ರಮ್ಸ್ ಬಾಷಾನದು, ಹಾಡು ಶೈಲಾಳದು. ಕೀಬೋರ್ಡಿನವನೊಬ್ಬ ಬರುತ್ತ ಹೋಗುತ್ತ ಇದ್ದ. ಶೈಲಾ ಆಗಷ್ಟೇ ಸಿರುಗುಪ್ಪದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬಂದು, ಮನೆಗೆ ಹೋಗುವ ಮೊದಲು ನಮ್ಮ ಕೋಣೆಗೆ ಬಂದು ಹಾಡುತ್ತಿದ್ದಳು. ಬಸ್ಸಿನ ಧೂಳು ಇನ್ನೂ ಹುಬ್ಬಿನ ಮೇಲೆ ಇರುತ್ತಿತ್ತು, ಅಷ್ಟರಲ್ಲೇ ರಾಗ ಎತ್ತಿರುತ್ತಿದ್ದಳು.

ನಾನೂ ಬಾಷಾನೂ ಕೌಬಾಯ್ ಸಿನಿಮಾಗಳ ಹುಚ್ಚರು. ಕೇಬಲ್ಲಿನಲ್ಲಿ ತೆಲುಗಿಗೆ ಡಬ್ ಆಗಿ ಬರುತ್ತಿದ್ದವು. ನಮ್ಮ ಪಾಲಿಗೆ ಜಗತ್ತಿನ ಕೌಬಾಯ್‌ಗಳೆಲ್ಲ ತೆಲುಗಿನವರೇ. ಬೋಳು ಕಲ್ಲುಗುಡ್ಡ, ಕೆಂಪು ಧೂಳು, ಮುಳ್ಳಿನ ಗಿಡ, ಸುಮ್ಮನೆ ನಿಂತ ಬಿಸಿಲು. ಅದು ಪರದೇಶ ಅಂತ ನಮಗೆ ಒಂದು ದಿನವೂ ಅನ್ನಿಸಲಿಲ್ಲ. ಕುರುಗೋಡಿನ ದಾರಿಯಲ್ಲಿ ಹೋದರೆ ಇನ್ನೇನು ಆ ಬಂಡೆಯ ಹಿಂದಿನಿಂದ ಒಬ್ಬ ಟೊಪ್ಪಿಗೆಯವನು ಬರಬೇಕು, ಹಾಗಿತ್ತು.

ಅದರಿಂದಲೇ ನಾನು ಒಂದು ಆಲ್ಬಮ್ ಬರೆದೆ. ಬಿಡಿ ಬಿಡಿ ಹಾಡುಗಳಲ್ಲ, ಉದ್ದಕ್ಕೂ ಒಂದೇ ಕಥೆ. ಹಾಡಿಗೂ ಹಾಡಿಗೂ ನಡುವೆ ಒಬ್ಬ ಕಥೆ ಹೇಳುತ್ತಾನೆ. 'ಕೊನೆಯ ತೂಬು' ಅಂತ ಹೆಸರು. ಕಾಲುವೆಯ ತುದಿಯಲ್ಲಿ ಒಂದು ಊರು. ಮೇಲಿನ ಊರಿನ ಧಣಿ ತೂಬು ಮುಚ್ಚಿಸಿ, ಕಾವಲಿಗೆ ಬಂದೂಕಿನವರನ್ನು ಕೂರಿಸಿದ್ದಾನೆ. ಒಂದು ದಿನ ಕುದುರೆಯ ಮೇಲೆ ಅಪರಿಚಿತನೊಬ್ಬ ಬರುತ್ತಾನೆ. ಹೊಡೆದಾಡುತ್ತಾನೆ, ತೂಬು ಎತ್ತುತ್ತಾನೆ, ನೀರು ಬಿಡುತ್ತಾನೆ, ಹೋಗುತ್ತಾನೆ. ಕಥೆಗಾರನ ಕೊನೆಯ ಸಾಲು ಇದು: "ಬಂದ. ನೀರು ಬಿಟ್ಟ. ಹೋದ. ಅವನ ಹೆಸರು ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ." ಆ ಸಾಲು ಮುಗಿಯುತ್ತಿದ್ದಂತೆ ವಾದ್ಯಗಳೆಲ್ಲ ನಿಂತು ಶೈಲಾ ಒಬ್ಬಳೇ ಹಾಡಬೇಕು. ಅವನಿಗೆ ಅನ್ನ ಹಾಕಿದ ಹೆಂಗಸಿನ ಹಾಡು. ಅವನು ಹೋಗುತ್ತಿದ್ದಾನೆ, ಕೂಗಿ ನಿಲ್ಲಿಸಬೇಕು, ಕೂಗಲು ಹೆಸರಿಲ್ಲ.

ಏನಂತ ಕರೀಲೋ ನಿನ್ನ
ಧೂಳು ಮುಚ್ಚೈತೋ ಬೆನ್ನ

ಮಾತು ನನ್ನದು, ರಾಗ ಶೈಲಾಳೇ ಹಾಕಿದ್ದು. ಮೊದಲ ಸಲ ಅವಳು ಅದನ್ನು ಹಾಡಿದಾಗ ಕೆಳಗೆ ಟೇಲರನ ಮಿಷನ್ ನಿಂತಿತು. ಇಡೀ ಆಲ್ಬಮ್ ಇದ್ದದ್ದೇ ಆ ಹಾಡಿಗಾಗಿ.

ಕಥೆ ಹೇಳಲು ಗಂಟಲು ಬೇಕಿತ್ತು. ನನ್ನದು ಕೊಳವೆಯಲ್ಲಿ ಊದಿದಂಥ ದನಿ. ಬಾಷಾ ಓದಿದರೆ ತರಕಾರಿ ಮಾರಿದ ಹಾಗೆ ಇರುತ್ತಿತ್ತು. ಆಗ ಕೆಂಚನಗುಡ್ಡದ ಬಯಲಾಟವೊಂದರಲ್ಲಿ ಬಾಷಾ ಈ ಸಾರಥಿಯನ್ನು ಕೇಳಿ ಬಂದ. "ಅಣ್ಣಾ, ಆ ಮನಷ್ಯಾ ಮಾತಾಡಿದ್ರ ದನಿ ಹೊಳಿ ಆ ಕಡಿ ದಂಡಿಗೆ ಬಡದು ವಾಪಸ್ ಬರ್ತೈತಿ," ಎಂದ. ಇಬ್ಬರೂ ಕುರುಗೋಡಿಗೆ ಹೋದೆವು. ನಮ್ಮ ಹೆಸರು, ತಂದೆ, ಊರು ಎಲ್ಲ ಒಪ್ಪಿಸಿದ ಮೇಲೆ ಕಥೆ ಕೇಳಿದರು. ಬಾಷಾ ತನ್ನ ಫೋನಿನಲ್ಲಿ ಒಂದು ಕೌಬಾಯ್ ಸಿನಿಮಾದ ತುಂಡು ತೋರಿಸಿದ.

"ಇಂವ ಯಾವೂರಾಂವ?"

"ಗೊತ್ತಿಲ್ರೀ. ಅದಽ ಕಥಿ."

"ತೆಲುಗು ಮಾತಾಡ್ತಾನಂದ್ರ ಆದೋನಿ ಕಡ್ಯಾವ ಇರಬೇಕು. ಹೆಸರು?"

"ಹೆಸರಿಲ್ರೀ ಅವಗ."

ಉಂಗುರದಿಂದ ತಕ್ಕಡಿಯನ್ನು ಟಕ್ಕೆಂದು ಕುಟ್ಟಿದರು. "ಹೆಸರು ಹೇಳದಾಂವ ಒಂದು ಕಳ್ಳ ಇರಬೇಕು, ಇಲ್ಲಾ ಮನಿ ಬಿಟ್ಟು ಓಡಿ ಬಂದಾಂವ ಇರಬೇಕು. ಅಂಥಾವನ ಕಥಿ ನಾ ಯಾಕ ಹೇಳಲಿ?"

ಅಷ್ಟು ಹೇಳಿದವರು ಮರುವಾರವೇ ಗಾಂಧಿನಗರಕ್ಕೆ ಬಂದರು. ಸ್ಟೀಲ್ ಲೋಟ ಸಹ ಮನೆಯಿಂದ ತಂದಿದ್ದರು, ನಮ್ಮ ಲೋಟದಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಬಾಷಾ ಚಹಾ ತಂದರೆ ಬೇಡ ಎನ್ನುತ್ತಿದ್ದರು, ನಾನು ತಂದರೆ ಕುಡಿಯುತ್ತಿದ್ದರು. ಬಾಷಾ ನಗುತ್ತಲೇ ಇದ್ದ. "ಹೋಗ್ಲಿ ಬಿಡಣ್ಣಾ, ಗಂಟಲು ನೋಡು," ಎನ್ನುತ್ತಿದ್ದ. ನನಗೆ ಆ ದೊಡ್ಡತನ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಡ್ರಮ್ಸಿಗೆ ಡಬ್ಬಿ ಎಂದು ಕರೆದರು. ನನ್ನನ್ನು ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ. ಊರವರ ಹೆಸರೆಲ್ಲ ಬೇಕಾದ ಈ ಮನುಷ್ಯನಿಗೆ ನಾನು "ಏ ತಂತಿ". ಶೈಲಾ ಐದು ನಿಮಿಷ ತಡವಾಗಿ ಬಂದರೆ ಗೋಡೆಯ ಕಡೆ ತಿರುಗಿ, "ರಾಣಿಯವರ ಸವಾರಿ ಬಂತು," ಎಂದು ಗೋಡೆಗೆ ಹೇಳುತ್ತಿದ್ದರು.

ಗಂಟಲಿನ ಮಾತು ಮಾತ್ರ ಸುಳ್ಳಲ್ಲ. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳಿಬಿಡುತ್ತೇನೆ. ಅಪರಿಚಿತ ಮೊದಲ ಸಲ ಊರಿಗೆ ಬರುವ ಜಾಗದಲ್ಲಿ ನಾನು ಅರ್ಧ ಪುಟ ಬರೆದಿದ್ದೆ. ಅವರು ಅದನ್ನು ಓದಿ ಪಕ್ಕಕ್ಕಿಟ್ಟು, ಎಡಗಿವಿಯಲ್ಲಿ ಬೆರಳಿಟ್ಟುಕೊಂಡು, "ನಾಯಿ ಬೊಗಳಲಿಲ್ಲ," ಎಂದರು. ಆಮೇಲೆ ತಡೆದು ತಡೆದು, "ಕುದುರಿ ನಿಂತಿತು," ಎಂದರು. ಅಷ್ಟೇ. ಬಾಷಾ ಕೋಲು ಎತ್ತಿದವನು ಹೊಡೆಯುವುದನ್ನೇ ಮರೆತ. ದೇವರು ಆ ಗಂಟಲನ್ನು ಬೇರೆ ಯಾರಿಗೋ ಕಳಿಸಿರಬೇಕು, ದಾರಿ ತಪ್ಪಿ ಇವರಿಗೆ ಸೇರಿತು. ಮನುಷ್ಯ ಒಳ್ಳೆಯವನಾಗಿದ್ದರೆ ಪೂಜೆ ಮಾಡಿಸಿಕೊಳ್ಳುವಂಥ ಗಂಟಲು.

ಜಗಳ ಬಂದದ್ದು ಕೊನೆಯ ಸಾಲಿಗೆ. ಸ್ಟುಡಿಯೋದಲ್ಲಿ ಎಲ್ಲ ಹೇಳಿ ಮುಗಿಸಿ, ಆ ಸಾಲಿಗೆ ಬಂದಾಗ ಬಾಯಿ ಮುಚ್ಚಿಕೊಂಡು ಕೂತರು.

"ನಾ ಹೇಳಂಗಿಲ್ಲ. ಆಟ ಅಂದ ಮ್ಯಾಲ ಬಂದಾಂವ ದಾರು ಅಂತ ಹೇಳಬೇಕು. ಹೇಳದಽ ಹೆಂಗ ಕಳಸ್ತಿ?"

"ಇದು ಬಯಲಾಟ ಅಲ್ರೀ. ಹೆಸರು ಗೊತ್ತಾದ್ರ ಶೈಲಾನ ಹಾಡು ಸತ್ತುಹೋಗ್ತೈತಿ."

"ಅದು ಇನ್ನೊಂದು. ಹೆಣ್ಮಗಳು ಅತ್ತು ಮುಗಿಸಿದ್ರ ಆಟ ಮುಗಿಯಂಗಿಲ್ಲ. ಕಡೀ ಮಾತು ಸಾರಥೀದು. ಮಂಗಳ ನಾ ಹೇಳಬೇಕು."

ಆಗ ನನಗೆ ತಿಳಿಯಿತು. ಕುದುರೆಯವನ ಹೆಸರಿನ ಚಿಂತೆ ಅವರಿಗೆ ಅಷ್ಟಕ್ಕಷ್ಟೆ, ತಮ್ಮ ಮಾತಿನ ಮೇಲೆ ಒಬ್ಬ ಹುಡುಗಿಯ ಹಾಡು ಬರುವುದು ಸಹಿಸಲಾಗಿರಲಿಲ್ಲ. ಶೈಲಾ ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಎದ್ದು ಬಂದು ನಿಧಾನವಾಗಿ ಹೇಳಿದಳು. "ಸರ್, ಉಳಿದಿದ್ದೆಲ್ಲಾ ನಿಮ್ಮದಽ ಐತಿ. ನನಗ ಇದೊಂದು ಬಿಡ್ರಿ."

ಅವರು ಶಲ್ಯ ಸರಿ ಮಾಡಿಕೊಂಡು ಅವಳ ಕಡೆ ನೋಡದೆಯೇ ನನಗೆ ಹೇಳಿದರು: "ಏ ತಂತಿ, ನಿನ್ನ ಸಾಲು ನೀನಽ ಹೇಳಿಕೋ."

ಹೇಳಿಕೊಂಡೆ. ರೆಕಾರ್ಡಿನಲ್ಲಿ ಆ ಸಾಲು ನನ್ನ ಕೊಳವೆ ದನಿಯಲ್ಲಿಯೇ ಇದೆ. ಅದಾದ ಮೇಲೆ ಶೈಲಾ ಹಾಡಿದ್ದಾಳೆ. ಅಂತರ್ಜಾಲದಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ, ಹುಡುಕುವವರು ಬೇಕಷ್ಟೆ.

ಬಿಡುಗಡೆಯ ಕಾರ್ಯಕ್ರಮವನ್ನು ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡೆವು. ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಜನರೆದುರಿಗೆ ನುಡಿಸುವುದು, ಸಾರಥಿ ಕಥೆ ಹೇಳುವುದು, ಕೊನೆಯ ಸಾಲು ನಾನು ಹೇಳುವುದು ಎಂದು ಮಾತಾಗಿತ್ತು. ಸಂಜೆ ನೋಡಿದರೆ ಕುರುಗೋಡಿನಿಂದ, ಸಿರಿಗೇರಿಯಿಂದ ಟ್ರ್ಯಾಕ್ಟರುಗಳಲ್ಲಿ ಸಾರಥಿಯ ಜನ ಬಂದಿಳಿದಿದ್ದರು. ಹಿಂದೆ ಶೈಲಾಳ ಕಾಲೇಜಿನ ಹುಡುಗರು ನಿಂತಿದ್ದರು. ಮೊದಲ ಸಾಲಿನಲ್ಲಿ ಅವಳ ಅವ್ವ ಕೂತಿದ್ದರು, ಮಗಳು ವೇದಿಕೆಯ ಮೇಲೆ ಹಾಡುವುದನ್ನು ಮೊದಲ ಸಲ ನೋಡಲು ಬಂದವರು.

ಎಲ್ಲ ಚೆನ್ನಾಗಿಯೇ ನಡೆಯಿತು. ಬಂದೂಕಿನವರ ಹಾಡಿಗೆ ಜನ ಕುಣಿದರು. ತೂಬು ಎತ್ತಿದಾಗ ಸೀಟಿ ಹೊಡೆದರು. ಕುದುರೆ ತಿರುಗಿತು. ಬಾಷಾ ಡ್ರಮ್ಸ್ ನಿಲ್ಲಿಸಿದ. ನಾನು ಮೈಕಿನ ಕಡೆ ಬಾಗಿದೆ. "ಬಂದ, ನೀರು ಬಿಟ್ಟ, ಹೋದ," ಎನ್ನುವಷ್ಟರಲ್ಲಿ ಪಕ್ಕದ ಮೈಕಿನ ಮೇಲೆ ಉಂಗುರ ಟಕ್ಕೆಂದಿತು.

"ಭಲಾ! ಹೋಗುವಂಥವರು ದಾರು? ತಮ್ಮ ನಾಮಾಂಕಿತವೇನು?"

ತಾವೇ ಕೇಳಿದರು, ತಾವೇ ದನಿ ಬದಲಿಸಿ ಉತ್ತರ ಕೊಟ್ಟರು. ಕುರುಗೋಡು ಪಟ್ಟಣದ ನಿವಾಸಿ, ಇಂಥವರ ಮಗ, ಇಂಥವನು ಎಂದು. ಸ್ವಂತ ಹೆಸರನ್ನೇ! ನಾನು ಬರೆದ ಹೆಸರಿಲ್ಲದ ಕುದುರೆಯವನು ಒಂದೇ ಉಸಿರಿನಲ್ಲಿ ಕುರುಗೋಡಿನ ಗೊಬ್ಬರದ ಅಂಗಡಿಯವನಾಗಿಬಿಟ್ಟ.

ಮಂಟಪ ಹಾರಿಹೋಗುವಷ್ಟು ಚಪ್ಪಾಳೆ. ಟ್ರ್ಯಾಕ್ಟರಿನ ಜನ ಎದ್ದು ನಿಂತರು. ಆ ಗದ್ದಲ ಇಳಿಯುವುದನ್ನೇ ಕಾದು, ಶೈಲಾ ಕಣ್ಣು ಮುಚ್ಚಿ ಹಾಡು ಎತ್ತಿದಳು. ಬೇರೆ ಏನು ಮಾಡಬೇಕಿತ್ತು ಆಕೆ? "ಏನಂತ ಕರೀಲೋ ನಿನ್ನ" ಎಂದಳು. ಹಿಂದಿನಿಂದ ಯಾವನೋ ಸಾರಥಿಯ ಹೆಸರನ್ನು ಕೂಗಿದ. ಇಡೀ ಮಂಟಪ ಗೊಳ್ಳೆಂದಿತು. ಅವಳು ನಿಲ್ಲಿಸಲಿಲ್ಲ. ಎರಡನೇ ಸಲ ಅದೇ ಸಾಲು ಬಂದಾಗ ನೂರಾರು ಜನ ಒಟ್ಟಿಗೆ ಅದೇ ಹೆಸರು ಕೂಗಿದರು. ಮೂರನೇ ಸಲ ಬರಲೇ ಇಲ್ಲ. ಶೈಲಾ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೆಟ್ಟಿಲಿಳಿದು, ಅವ್ವನ ಕೈ ಹಿಡಿದುಕೊಂಡು ಹೊರಗೆ ಹೋದಳು. ಸಾರಥಿ ಎರಡೂ ಕೈ ಜೋಡಿಸಿ ಮಂಗಳ ಹೇಳಿ ಮುಗಿಸಿದರು.

ವೇದಿಕೆಯ ಹಿಂದೆ ಅವರ ಶಲ್ಯ ಹಿಡಿದು ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. ಹೆಗಲ ಮೇಲಿನ ನನ್ನ ಕೈ ಬಿಡಿಸಿ, ಶಲ್ಯದ ಮಡಿಕೆ ಸರಿ ಮಾಡಿಕೊಂಡರು.

"ಜನಾ ಚಪ್ಪಾಳಿ ಹೊಡದ್ರೋ ಇಲ್ಲೋ? ನಿನ್ನ ಕಥಿ ಉಳಿಸೀನಿ ಮಗನ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಂಗ, ಆಕಿಗೆ ಹಾಡಾಕ ಬರಲಿಲ್ಲಂದ್ರ ನಾ ಏನ್ ಮಾಡಲಿ?"

ವೇದಿಕೆಯ ಮೇಲೆ ಆದದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಆಲ್ಬಮ್ ಯಾರೂ ಕೇಳಲಿಲ್ಲ, ಆ ವಿಡಿಯೋ ಮಾತ್ರ ಊರೂರು ತಿರುಗಿತು. ಶೈಲಾ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಆ ಹೆಸರು ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬರುತ್ತಿತ್ತು. ಒಮ್ಮೆ ಕಂಡಕ್ಟರನೊಬ್ಬ ಟಿಕೆಟ್ ಹರಿದು ಕೊಡುತ್ತ ಕೂಗಿದನಂತೆ. ನಾನೂ ಬಾಷಾನೂ ಕುರುಗೋಡಿಗೆ ಹೋಗಿ, ಒಂದು ಸಲ ಕಾಲೇಜಿಗೆ ಬಂದು ಹುಡುಗರಿಗೆ ಬುದ್ಧಿ ಹೇಳಿ ಎಂದು ಕೇಳಿದೆವು. ಆ ದೊಡ್ಡ ಗಂಟಲಿನಿಂದ ಒಂದು ಮಾತು ಬಂದಿದ್ದರೆ ಎಲ್ಲ ನಿಲ್ಲುತ್ತಿತ್ತು.

"ನನ್ನ ಹೆಸರು ಕೂಗಿದ್ರ ಆಕಿಗೇನು ಕಷ್ಟ?" ಎಂದರು. "ನಾ ಏನು ಕೆಟ್ಟ ಹೆಸರಿನಾಂವೇನು?"

ಬಾಷಾ ಆವತ್ತು ನಗಲಿಲ್ಲ. ಹೊರಡುವಾಗ ಅವರ ತಕ್ಕಡಿಯ ಪಕ್ಕದಲ್ಲಿದ್ದ ಆ ಸ್ಟೀಲ್ ಲೋಟವನ್ನು ಎತ್ತಿ, ಗಡಿಗೆಯಿಂದ ನೀರು ತುಂಬಿಸಿ, ಅವರೆದುರಿಗೇ ತುಟಿಗೆ ಕಚ್ಚಿ ಕುಡಿದು, ಅಲ್ಲಿಯೇ ಇಟ್ಟು ಬಂದ. ನಮ್ಮ ಕಡೆಯಿಂದ ಆದದ್ದು ಅಷ್ಟೇ.

ಶೈಲಾ ಆ ಕಾಲೇಜು ಬಿಟ್ಟು ಬಳ್ಳಾರಿಯಲ್ಲಿಯೇ ಬೇರೆ ಕಡೆ ಸೇರಿದಳು. ಹಾಡು ಬಿಟ್ಟಳು. ಮದುವೆ ಮನೆಗಳಲ್ಲಿ ಯಾರಾದರೂ ಒಂದು ಹಾಡು ಹೇಳವ್ವ ಎಂದರೆ ಗಂಟಲು ಸರಿ ಇಲ್ಲ ಎನ್ನುತ್ತಾಳೆ. ಗಾಂಧಿನಗರದ ಕೋಣೆಯಲ್ಲಿ ಈಗ ಟೇಲರ್ ತನ್ನ ಬಟ್ಟೆ ಗಂಟು ಇಟ್ಟಿದ್ದಾನೆ. ಇತ್ತ ಸಾರಥಿಗೆ ಆ ವಿಡಿಯೋ ನೋಡಿದವರಿಂದ ಇನ್ನಷ್ಟು ಕರೆ ಬಂದವು, ಇನ್ನಷ್ಟು ಶಾಲು ಹೊದಿಸಿದರು, ಬಾಗಿಲ ಮೇಲೆ ದೊಡ್ಡ ಅಕ್ಷರದ ಹೊಸ ಬೋರ್ಡು ಬಂತು. ಸತ್ತ ದಿನವೂ ಬ್ಯಾನರಿನಲ್ಲಿ ಮುಖಕ್ಕಿಂತ ಹೆಸರೇ ದೊಡ್ಡದಿತ್ತಂತೆ. ಅವರು ಸತ್ತ ಸುದ್ದಿ ಕೇಳಿ ನನಗೆ ದುಃಖವಾಗಲಿಲ್ಲ. ಆಯಿತು ಎಂದು ಬರೆದರೆ ಅವರ ಮಗನಿಗೆ ಸಮಾಧಾನವಾಗಬಹುದು, ಆದರೆ ಆಗಲಿಲ್ಲ.

ಮಗನ ಫೋನ್ ಬಂದ ಮರುದಿನ ಶೈಲಾಳಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ. ಹಿಂದೆ ಕುಕ್ಕರ್ ಕೂಗಿತು.

"ಬರೀತಿಯೇನು?" ಎಂದಳು.

"ಬರೀತೀನಿ. ಆದದ್ದು ಆದಂಗ."

"ಅವರ ಹೆಸರು ಹಾಕ್ತಿಯೇನು?"

ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಕೆ ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಲೆ ಸಣ್ಣ ಮಾಡಿ ಬಂದು ಮಾತು ಬದಲಿಸಿದಳು.

"ಆ ಹಾಡಿನ ಎರಡನೇ ಸಾಲು ಏನಿತ್ತೋ? ಬೆಳಿಗ್ಗಿಂದ ನೆನಪಾಗವಲ್ದು."

ಹೇಳಿದೆ. "ಹ್ಞಾಂ, ಬೆನ್ನ," ಎಂದಳು. ಫೋನ್ ಇಟ್ಟಳು.

ಕುರುಗೋಡಿನ ಮಗನೇ, ನಿನ್ನ ಸಂಚಿಕೆಗೆ ಇದೇ ನನ್ನ ಬರಹ. ನಿನ್ನ ತಂದೆ ಹೇಳಲಾರೆ ಎಂದ ಸಾಲನ್ನು ನಾನೇ ಹೇಳಿ ಮುಗಿಸುತ್ತೇನೆ. ಈ ಸಲ ಪಕ್ಕದಲ್ಲಿ ಇನ್ನೊಂದು ಮೈಕಿಲ್ಲ.

ಬಂದರು. ಕಥೆ ಹೇಳಿದರು. ಹೋದರು. ಅವರ ಹೆಸರು ಇದನ್ನು ಓದಿದ ಯಾರಿಗೂ ಗೊತ್ತಾಗಲಿಲ್ಲ.

ಶೈಲಾ, ಇನ್ನು ನಿನ್ನ ಹಾಡು.